ಗಣಿತಕ್ಕೆ ಹೆದರಿ ಮಿಲ್ಟ್ರಿಗೆ ಹೋದೆ

ನಾನು ಮಿಲ್ಟ್ರಿ ಸೇರಿದ್ದು 2003ರಲ್ಲಿ. ಆಗ ನನಗೆ ಹದಿನೇಳು ವರ್ಷ ಒಂಬತ್ತು ತಿಂಗಳು. ಸೆಕೆಂಡ್ ಪಿಯುಸಿ ಸೈನ್ಸ್ ಅರ್ಧಕ್ಕೆ ಬಿಟ್ಟು ಹೋದೆ. ಊರಲ್ಲಿ ಕೇಳಿದವರಿಗೆಲ್ಲ ದೇಶಸೇವೆ ಅಂತಲೇ ಹೇಳಿದ್ದೆ. ಹೇಳಿ ಹೇಳಿ ನಾನೂ ನಂಬಿಬಿಟ್ಟಿದ್ದೆ. ನಿಜ ಸಂಗತಿ ಏನಂದರೆ, ಇಂಟಿಗ್ರೇಷನ್ ಶುರುವಾದ ಮೇಲೆ ಬೋರ್ಡಿನ ಮೇಲೆ ಸರ್ ಏನು ಬರೆಯುತ್ತಿದ್ದಾರೆ ಅನ್ನೋದೇ ನನಗೆ ತಿಳಿಯುತ್ತಿರಲಿಲ್ಲ. ಫೇಲಾಗಿ ಊರಲ್ಲಿ ತಿರುಗುವ ಬದಲು ಯೂನಿಫಾರ್ಮ್ ಹಾಕಿಕೊಂಡು ತಿರುಗೋಣ ಅನ್ನಿಸಿತು. ಅಷ್ಟೇ.

ನಮ್ಮದು ಸವದತ್ತಿ ಕಡೆಯ ಹಳ್ಳಿ. ಆ ಕಡೆ ಮನೆಗೊಬ್ಬರು ಅಲ್ಲದಿದ್ದರೂ ಓಣಿಗೊಬ್ಬರು ಮಿಲ್ಟ್ರಿಯವರು ಸಿಗುತ್ತಾರೆ. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್ಫೆಂಟ್ರಿ ಸೆಂಟರ್ ಇದೆ, ಭರ್ತಿ ಸುದ್ದಿ ಗಾಳಿಯಲ್ಲೇ ಬರುತ್ತದೆ. ನಾನು ಎರಡು ತಿಂಗಳು ಮಲಪ್ರಭಾ ಕಾಲುವೆ ದಂಡೆ ಮೇಲೆ ಬರಿಗಾಲಲ್ಲಿ ಓಡಿದೆ. ಹುಣಸೆ ಕೊಂಬೆ ಹಿಡಿದು ಪುಲ್‌ಅಪ್ ಹೊಡೆದೆ. ಓಟ ದಾಟಿತು, ಮೆಡಿಕಲ್ ದಾಟಿತು, ರಿಟನ್ ಪರೀಕ್ಷೆಯೂ ದಾಟಿತು. ಹದಿನೆಂಟು ತುಂಬಿರಲಿಲ್ಲವಲ್ಲ, ಒಪ್ಪಿಗೆ ಪತ್ರಕ್ಕೆ ಅಪ್ಪನ ಸಹಿ ಬೇಕಾಯಿತು.

ಅಪ್ಪ ಮೂರು ದಿನ ಆ ಕಾಗದ ಮುಟ್ಟಲಿಲ್ಲ. ಅವ್ವ ಅತ್ತಳು, ಬೈದಳು, ಆಮೇಲೆ ಚಕ್ಕಲಿ ಮಾಡಿ ಡಬ್ಬಿ ತುಂಬಿಸಿದಳು. ಅವಳದು ಅಲ್ಲಿಗೆ ಮುಗಿಯಿತು. ನಾಲ್ಕನೇ ದಿನ ಅಪ್ಪ ಹೊಲದಿಂದ ಬಂದವನು ಕೈಕಾಲು ತೊಳೆದು, ಪೆನ್ನು ಕೇಳಿದ. "ಹೋಗಾಕ ಸಹಿ ಮಾಡತೇನಿ. ತಿರುಗಿ ಬರಾಕ ನನ್ನ ಸಹಿ ನಡೆಯಂಗಿಲ್ಲ, ನೋಡ," ಅಂದ. ನನಗೆ ಆಗ ಅದು ಸಿಟ್ಟಿನ ಮಾತು ಅನ್ನಿಸಿತ್ತು. ಒಂದೇ ತಿಂಗಳಲ್ಲಿ ಅರ್ಥ ಗೊತ್ತಾಯಿತು.

ಟ್ರೇನಿಂಗ್‌ನಲ್ಲಿ ಮೈನೋವು ದೊಡ್ಡದಲ್ಲ. ಹಳ್ಳಿ ಹುಡುಗರಿಗೆ ಅದು ಹದಿನೈದು ದಿನದ ಮಾತು. ಉಸ್ತಾದರು, ಅಂದರೆ ಟ್ರೇನಿಂಗ್ ಕೊಡುವವರು, ತಪ್ಪಿಗೆ ಮೈ ದಣಿಸುವ ರಗಡಾ ಶಿಕ್ಷೆ, ಫ್ರಂಟ್ ರೋಲ್, ಬೆಳಗಿನ ಜಾವ ಸಾಲಾಗಿ ನಿಲ್ಲುವ ಫಾಲ್ ಇನ್, ಎಲ್ಲಾ ರೂಢಿಯಾಗುತ್ತದೆ. ರೂಢಿಯಾಗದೇ ಇದ್ದದ್ದು ಒಂದೇ. ನಮ್ಮೂರು ಬೆಳಗಾವಿಯ ಸೆಂಟರ್‌ನಿಂದ ಬಸ್ಸಿನಲ್ಲಿ ಎರಡೂವರೆ ಗಂಟೆ. ಸಂಜೆ ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿದರೆ ಹೊಟ್ಟೆಯಲ್ಲಿ ಏನೋ ಆಗುತ್ತಿತ್ತು. ಹೋಗುವಂತಿಲ್ಲ. ರಜೆ ಇಲ್ಲದೆ ಹೋದರೆ ಆಬ್ಸೆಂಟ್. ಬಹಳ ದಿನ ಬರದಿದ್ದರೆ ಭಗೋಡಾ, ಅಂದರೆ ಓಡಿಹೋದವನು ಅಂತ ಕಾಗದದ ಮೇಲೆ ಹೆಸರು ಬೀಳುತ್ತದೆ. ಕಾಲೇಜಿಗೆ ಚಕ್ಕರ್ ಹೊಡೆದ ಹಾಗಲ್ಲ. ಮಾತಾಡಿ ಹಗುರಾಗೋಣ ಅಂದರೆ ನನಗೆ ಹಿಂದಿ ಬರುತ್ತಿರಲಿಲ್ಲ, ಮರಾಠಿ ಅಲ್ಪಸ್ವಲ್ಪ. ಮೊದಲ ತಿಂಗಳು ಉಸ್ತಾದ್ ಹೇಳಿದ್ದನ್ನು ಪಕ್ಕದವನನ್ನು ನೋಡಿ ಮಾಡುತ್ತಿದ್ದೆ. ಅವನು ತಪ್ಪಿದರೆ ಇಬ್ಬರಿಗೂ ರಗಡಾ.

ಇನ್ನು ಗಣಿತ. ಅದರಿಂದ ತಪ್ಪಿಸಿಕೊಂಡು ಬಂದೆ ಅಂತ ನಿಶ್ಚಿಂತೆಯಲ್ಲಿದ್ದೆ. ಒಂದು ದಿನ ಕೈಗೆ ಮ್ಯಾಪ್ ಮತ್ತು ಕಂಪಾಸ್ ಕೊಟ್ಟರು. ಮ್ಯಾಪಿನಲ್ಲಿ ಜಾಗದ ಅಂಕಿ, ಅಂದರೆ ಗ್ರಿಡ್ ರೆಫರೆನ್ಸ್ ತೆಗಿ, ಬೇರಿಂಗ್ ಹೇಳು, ಬ್ಯಾಕ್ ಬೇರಿಂಗ್ ಹೇಳು. ಬೇರಿಂಗ್ ಅಂದರೆ ಹೋಗುವ ದಿಕ್ಕು ಉತ್ತರದಿಂದ ಎಷ್ಟು ಡಿಗ್ರಿ ಅನ್ನೋದು, ಬ್ಯಾಕ್ ಬೇರಿಂಗ್ ಅದರ ಎದುರು ದಿಕ್ಕು. ಬೇರಿಂಗ್ 180ಕ್ಕಿಂತ ಕಡಿಮೆ ಇದ್ದರೆ 180 ಕೂಡಿಸಬೇಕು, ಜಾಸ್ತಿ ಇದ್ದರೆ ಕಳೆಯಬೇಕು. ಇಷ್ಟೇ ಲೆಕ್ಕ. ಆದರೆ ರಾತ್ರಿ ಕತ್ತಲಲ್ಲಿ ತಪ್ಪಿದರೆ ಇಡೀ ಸೆಕ್ಷನ್ ಬೇರೆ ಗುಡ್ಡದ ಮೇಲಿರುತ್ತದೆ. ನಾನು ಒಮ್ಮೆ ಹಾಗೇ ಮಾಡಿದೆ. ಹತ್ತು ಜನ ನನ್ನನ್ನು ಬೈಯುತ್ತಾ ಆ ಗುಡ್ಡ ಇಳಿದರು. ಇಂಟಿಗ್ರೇಷನ್ ಎಷ್ಟೋ ವಾಸಿ ಅನ್ನಿಸಿತು.

ಪಿಯುಸಿ ಬಿಟ್ಟದ್ದು ನಿಜವಾಗಿ ಕಾಡಿದ್ದು ನಾಲ್ಕೈದು ವರ್ಷದ ನಂತರ. ಬ್ಯಾರಕ್‌ನಲ್ಲಿ ನನ್ನ ಪಕ್ಕದ ಕಾಟ್‌ನಲ್ಲಿ ಮಲಗುತ್ತಿದ್ದವನು ಗದಗ ಕಡೆಯ ಹುಡುಗ. ಓಟದಲ್ಲಿ ನನಗಿಂತ ಹಿಂದೆ, ಶೂಟಿಂಗ್‌ನಲ್ಲೂ ಅಷ್ಟಕ್ಕಷ್ಟೇ. ಅವನು ಪಿಯುಸಿ ಮುಗಿಸಿ ಬಂದಿದ್ದ. ಸೇನೆಯಲ್ಲಿ ಜವಾನರಿಗೆ ಆರ್ಮಿ ಕೆಡೆಟ್ ಕಾಲೇಜ್ ಅಂತ ಒಂದು ದಾರಿ ಇದೆ. ಕನಿಷ್ಠ ಎರಡು ವರ್ಷ ಸೇವೆ ಆಗಿರಬೇಕು, ವಯಸ್ಸು 20ರಿಂದ 27ರ ಒಳಗಿರಬೇಕು, ಹನ್ನೆರಡನೇ ತರಗತಿ ಪಾಸಾಗಿರಬೇಕು. ಪರೀಕ್ಷೆ, ಆಫೀಸರ್ ಆಯ್ಕೆಯ ಎಸ್‌ಎಸ್‌ಬಿ ಸಂದರ್ಶನ ಎಲ್ಲಾ ದಾಟಿದರೆ ಡೆಹ್ರಾಡೂನ್‌ನಲ್ಲಿ ಮೂರು ವರ್ಷ ಓದು, ಅದು ಡಿಗ್ರಿ. ಆಮೇಲೆ ಒಂದು ವರ್ಷ ಅಲ್ಲೇ ಇಂಡಿಯನ್ ಮಿಲಿಟರಿ ಅಕಾಡೆಮಿಯಲ್ಲಿ (ಐಎಂಎ) ಟ್ರೇನಿಂಗ್. ಹೊರಗೆ ಬರುವಾಗ ಆಫೀಸರ್. ಅವನು ಅರ್ಜಿ ಹಾಕಿದ, ಹೋದ. ನಾನು ಅರ್ಜಿ ಹಾಕುವುದಕ್ಕೂ ಲಾಯಕ್ಕಿರಲಿಲ್ಲ.

ಆಗ ಓಪನ್ ಸ್ಕೂಲಿಂಗ್‌ನಲ್ಲಿ, ಅಂದರೆ ಎನ್‌ಐಒಎಸ್‌ನಲ್ಲಿ ಹೆಸರು ಹಚ್ಚಿದೆ. ಗಣಿತ ಬಿಟ್ಟು ಬೇರೆ ಐದು ವಿಷಯ! ಪರೀಕ್ಷೆ ವರ್ಷಕ್ಕೆ ಎರಡು ಸಲ. ಆದರೆ ಕಾಶ್ಮೀರದ ಪೋಸ್ಟ್ ಮೇಲಿದ್ದವನಿಗೆ ಪರೀಕ್ಷೆ ಇದೆ ಅಂತ ಯಾರು ರಜೆ ಕೊಡುತ್ತಾರೆ? ಒಂದು ಸಲ ರಜೆ ಸಿಕ್ಕಿತು, ಹಿಮ ಬಿದ್ದು ರಸ್ತೆ ಬಂದ್. ಪಾಸಾಗುವಾಗ ನನಗೆ 28. ಗದಗಿನವನು ಅಷ್ಟರಲ್ಲಿ ಒಂದು ರೈಲ್ವೆ ಸ್ಟೇಷನ್‌ನಲ್ಲಿ ಎದುರಾಗಿದ್ದ, ಹೆಗಲ ಮೇಲೆ ಎರಡು ಸ್ಟಾರ್. ಸಲ್ಯೂಟ್ ಹೊಡೆದೆ. ಅವನು ಸಲ್ಯೂಟ್ ತಗೊಂಡು, ಆಮೇಲೆ ಚಹಾ ಕುಡಿಸಿದ. ದುಡ್ಡು ನಾನು ಕೊಡಲು ಹೋದರೆ ಬಿಡಲಿಲ್ಲ. ಅದು ಇವತ್ತಿಗೂ ಸ್ವಲ್ಪ ಚುಚ್ಚುತ್ತದೆ.

ಹದಿನೇಳು ವರ್ಷ ಮುಗಿಸಿ 2020ರಲ್ಲಿ ನಾಯಕ್ ಆಗಿ ಬಂದೆ. ಹದಿನೈದು ವರ್ಷ ದಾಟಿದ್ದರಿಂದ ಪೆನ್ಷನ್ ಇದೆ. ಮಿಲ್ಟ್ರಿ ಸೇರಿದ್ದಕ್ಕೆ ಒಂದು ದಿನವೂ ಪಶ್ಚಾತ್ತಾಪ ಪಟ್ಟಿಲ್ಲ. ಆರು ತಿಂಗಳು ಮುಂಚೆ ಸೇರಿದ್ದಕ್ಕೆ ಪಟ್ಟಿದ್ದೇನೆ.

ಈಗ ಬೆಳಿಗ್ಗೆ ಐದಕ್ಕೆ ನಮ್ಮೂರ ಹುಡುಗರನ್ನು ಓಡಿಸುತ್ತೇನೆ. ದುಡ್ಡು ತಗೊಳ್ಳುವುದಿಲ್ಲ. ನಮ್ಮ ಕಡೆ ಭರ್ತಿ ಮಾಡಿಸಿಕೊಡುತ್ತೇವೆ ಅಂತ ಲಕ್ಷಗಟ್ಟಲೆ ಕೇಳುವವರಿದ್ದಾರೆ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತಾರೆ. ಒಬ್ಬನಿಗೂ ಕೊಡಬೇಡಿ ಅಂತ ಮೊದಲ ದಿನವೇ ಹೇಳಿಬಿಡುತ್ತೇನೆ. ತೋಳಿನ ಮೇಲೆ ಹುಡುಗಿ ಹೆಸರು ಟ್ಯಾಟೂ ಹಾಕಿಸಬೇಡಿ ಅಂತಲೂ. ಮೆಡಿಕಲ್‌ನಲ್ಲಿ ಅಲ್ಲೇ ಹೊರಗೆ ಕಳಿಸುತ್ತಾರೆ.

ಹೋದ ದಸರಾ ಆದ ಮೇಲೆ ಒಬ್ಬ ಬಂದ. ಹದಿನೇಳು ವರ್ಷ ಏಳು ತಿಂಗಳು, ಸೆಕೆಂಡ್ ಪಿಯುಸಿ. "ಸರ, ಕಾಲೇಜು ಬಿಡಾಕತ್ತೀನಿ. ಇಡೀ ದಿನ ಪ್ರಾಕ್ಟೀಸ್ ಮಾಡತೇನಿ," ಅಂದ. ಹತ್ತನೇ ಕ್ಲಾಸಿನಲ್ಲಿ ಒಟ್ಟು 45 ಪರ್ಸೆಂಟ್, ಪ್ರತಿ ವಿಷಯಕ್ಕೆ 33 ಇದ್ದರೆ ಜಿಡಿಗೆ, ಅಂದರೆ ಜನರಲ್ ಡ್ಯೂಟಿ ಸಿಪಾಯಿ ಹುದ್ದೆಗೆ ಸಾಕು, ಪಿಯುಸಿ ಯಾಕೆ ಅನ್ನೋದು ಅವನ ವಾದ. ತಪ್ಪೇನಿಲ್ಲ, ನಿಯಮ ಹಾಗೇ ಇದೆ.

ನಾನು ದಿನ ಎಣಿಸಿ ತೋರಿಸಿದೆ. ಇತ್ತೀಚೆಗೆ ಅರ್ಜಿ ಕರೆಯುವುದು ಫೆಬ್ರವರಿ, ಮಾರ್ಚ್ ಸುಮಾರಿಗೆ. ಮೊದಲು ಕಂಪ್ಯೂಟರ್ ಮೇಲೆ ರಿಟನ್ ಪರೀಕ್ಷೆ, ಆಮೇಲೆ ರ‍್ಯಾಲಿ, ಅಂದರೆ ಓಟ, ಪುಲ್‌ಅಪ್ ಎಲ್ಲಾ ನೋಡುವ ಭರ್ತಿ. ಅಷ್ಟರಲ್ಲಿ ಪಿಯುಸಿ ಪರೀಕ್ಷೆ ಮುಗಿದೇ ಹೋಗಿರುತ್ತದೆ. ಕಾಲೇಜು ಬಿಟ್ಟರೆ ಉಳಿಯುವುದು ಒಂದು ದಿನವೂ ಅಲ್ಲ. ಓಟಕ್ಕೆ ದಿನಕ್ಕೆ ಒಂದೂವರೆ ಗಂಟೆ ಸಾಕು, ಅದಕ್ಕಿಂತ ಜಾಸ್ತಿ ಓಡಿದರೆ ಮೊಳಕಾಲ ಕೆಳಗಿನ ಎಲುಬು ನೋವು ಹಿಡಿಯುತ್ತದೆ. ವಯಸ್ಸಿನ ಮಿತಿ ಹದಿನೇಳೂವರೆಯಿಂದ ಶುರು, ಅವನಿಗೆ ಇನ್ನೂ ಮೂರು ವರ್ಷಕ್ಕಿಂತ ಜಾಸ್ತಿ ಸಮಯ ಇದೆ. ಅವಸರ ಯಾರಿಗೆ?

ಇನ್ನೊಂದು ಲೆಕ್ಕವನ್ನೂ ಹೇಳಿದೆ. ನನ್ನ ಕಾಲ ಅಲ್ಲ ಇದು. 2022ರಿಂದ ಅಗ್ನಿವೀರ್. ನಾಲ್ಕು ವರ್ಷ, ಆಮೇಲೆ ಹೆಚ್ಚೆಂದರೆ 25 ಪರ್ಸೆಂಟ್ ಜನರನ್ನು ಇಟ್ಟುಕೊಳ್ಳುತ್ತಾರೆ. ಮೊದಲ ವರ್ಷ 30,000 ಸಂಬಳದಲ್ಲಿ ಕೈಗೆ 21,000. ಕೊನೆಗೆ ಸೇವಾ ನಿಧಿ ಸುಮಾರು 11.71 ಲಕ್ಷ. ಪೆನ್ಷನ್ ಇಲ್ಲ. ಹತ್ತನೇ ಪಾಸಾದವರಿಗೆ ಹನ್ನೆರಡನೆಯದರ ಸರ್ಟಿಫಿಕೇಟ್ ಕೊಡುವ ಏರ್ಪಾಡಿದೆ ಅಂತ ಸರ್ಕಾರ ಹೇಳಿದೆ, ಒಳ್ಳೆಯದೇ. ಆದರೆ ಇಪ್ಪತ್ತೆರಡಕ್ಕೆ ಮನೆಗೆ ಬಂದು ನಿಂತಾಗ ಕೈಯಲ್ಲಿ ಏನಿರಬೇಕು ಅನ್ನೋದನ್ನು ಈಗಲೇ ಯೋಚಿಸಬೇಕಲ್ವಾ? ಪಿಯುಸಿ ಸೈನ್ಸ್ ಬೇಕಾದಷ್ಟು ಅಂಕ ತಗೊಂಡು ಪಾಸಾದರೆ ಟೆಕ್ನಿಕಲ್ ಹುದ್ದೆಗೂ ಅರ್ಜಿ ಹಾಕಬಹುದು.

ಅವನು ಎಲ್ಲಾ ಕೇಳಿಸಿಕೊಂಡ. ಆಮೇಲೆ ಮೆತ್ತಗೆ ಕೇಳಿದ, "ನೀವ್ಯಾಕ ಬಿಟ್ರಿ ಸರ?"

"ಗಣಿತ," ಅಂದೆ.

ಅವನು ನೆಲ ನೋಡಿದ. "ನಂದು ಫಿಸಿಕ್ಸ್," ಅಂದ.

ಸದ್ಯ ಕಾಲೇಜಿಗೆ ಹೋಗುತ್ತಿದ್ದಾನೆ. ಹೈಸ್ಕೂಲಿನ ಮಾಸ್ತರೊಬ್ಬರ ಮನೆಗೆ ಸಂಜೆ ಫಿಸಿಕ್ಸ್ ಹೇಳಿಸಿಕೊಳ್ಳಲು ಕಳಿಸಿದ್ದೇನೆ. 1.6 ಕಿಲೋಮೀಟರ್ ಓಟ 5 ನಿಮಿಷ 52 ಸೆಕೆಂಡ್ ಇದ್ದದ್ದು 5:36ಕ್ಕೆ ಬಂದಿದೆ. ಪೂರ್ತಿ 60 ಅಂಕ ಬೇಕಾದರೆ 5:30 ಆಗಬೇಕು. ಪುಲ್‌ಅಪ್ ಮಾತ್ರ ಏಳಕ್ಕೇ ನಿಂತಿದೆ.