ಊರಿನ ವೈರ್‌ಲೆಸ್ ನೆಟ್‌ವರ್ಕ್‌ಗೆ ಮ್ಯಾಪ್ ಮಾಡೋದು ಹೇಗೆ? ಕಂಬ ನೆಡೋಕ್ ಮುಂಚೆ ಮರ ಅಳೀರಿ

ಮಲೆನಾಡಲ್ಲಿ ಊರು ಅಂದ್ರೆ ತೋಟದ ತಲೇಲಿ ಒಂದೊಂದೇ ಮನೆ, ಮಧ್ಯ ಗುಡ್ಡ. ಅಲ್ಲಿ ಕೇಬಲ್ ಎಳೆಯೋ ಬದ್ಲು ಡಿಶ್ ಆಂಟೆನಾ ಕಟ್ಟಿ ಮನೆಯಿಂದ ಮನೆಗೆ ಇಂಟರ್ನೆಟ್ ಸಿಗ್ನಲ್ ದಾಟಿಸೋದು ಒಳ್ಳೇ ದಾರಿ. ಸ್ಪೇನಿನ ಕ್ಯಾಟಲೋನಿಯಾದಲ್ಲಿ 2004ರಲ್ಲಿ ಹಳ್ಳಿ ಕಡೆಯಿಂದಾನೇ ಶುರುವಾದ, ಜನರೇ ಕಟ್ಕೊಂಡ ನೆಟ್‌ವರ್ಕ್ ಗಿಫಿ.ನೆಟ್ 30 ಸಾವಿರ ನೋಡ್ (ನೆಟ್‌ವರ್ಕ್ ಸೇರಿದ ಒಂದೊಂದು ಜಾಗ) ದಾಟಿದೆ, ಅಲ್ಲಿ ಮ್ಯಾಪ್ ಮೇಲೆ ಜಾಗ ಗುರುತು ಹಾಕಿದ ಮೇಲೇನೇ ಮುಂದಿನ ಕೆಲ್ಸ. ನಮ್ಮ ಕಡೆ ಉಲ್ಟಾ. ಪಕ್ಕದೂರಲ್ಲಿ 12 ಮೀಟರ್ ಕಬ್ಬಿಣದ ಪೈಪು ನಿಲ್ಸಿ, ಕಾಂಕ್ರೀಟೂ ಹಾಕಿ, ಡಿಶ್ ಕಟ್ಟಿದ ಮೇಲೆ ಲಿಂಕ್ ಬರ್ಲೇ ಇಲ್ಲ, ಸಾಫ್ಟ್‌ವೇರಲ್ಲಿ ಮಾತ್ರ ಲಿಂಕ್ ಆಗತ್ತೆ ಅನ್ನೋ ಹಸಿರು ಗೆರೆ. ಅದಕ್ಕೇ ಇದನ್ನ ಬರೀತಿದೀನಿ.

ಮೊದ್ಲು ಪ್ರತಿ ಮನೆಯ ಅಕ್ಷಾಂಶ ರೇಖಾಂಶ ತಗೊಳ್ಳಿ. ಅಡಿಕೆ ಮರದ ಅಡಿ ಅಲ್ಲ, ಅಂಗಳದಲ್ಲಿ ಆಕಾಶ ಕಾಣೋ ಕಡೆ ಫೋನ್ ಹಿಡ್ಕೊಂಡು ಎರಡು ನಿಮಿಷ ನಿಂತು, ದಶಮಾಂಶದಲ್ಲೇ ಬರ್ಕೊಳ್ಳಿ. 14 ಡಿಗ್ರಿ 20 ನಿಮಿಷ 30 ಸೆಕೆಂಡ್ ಅನ್ನೋದನ್ನ 14.2030 ಅಂತ ಟೈಪ್ ಮಾಡಿದ್ರೆ ಮನೆ ಹದಿನೈದು ಕಿಲೋಮೀಟರ್ ದಕ್ಷಿಣಕ್ಕೆ ಹೋಗಿರತ್ತೆ, ಸರಿಯಾದ್ದು 14.3417. ಫೋನ್ ತೋರ್ಸೋ ಎತ್ತರಾನಂತೂ ನಂಬ್ಲೇಬೇಡಿ. ಕೆಲವು ಆ್ಯಪ್‌ಗಳು ಸಮುದ್ರ ಮಟ್ಟದಿಂದ ಅಳೆಯೋದೇ ಇಲ್ಲ, ಜಿಪಿಎಸ್‌ನ ಲೆಕ್ಕದ ಭೂಮಿಯಿಂದ ಅಳೀತವೆ, ನಮ್ಮ ಭಾಗದಲ್ಲಿ ಅದು 80-90 ಮೀಟರ್ ಕಮ್ಮಿ ಬರತ್ತೆ. ನೆಲದ ಎತ್ತರ ಸಾಫ್ಟ್‌ವೇರೇ ಹಾಕ್ಕೊಳ್ಳತ್ತೆ, ಬಿಡಿ.

ಎರಡು ಜಾಗದ ಮಧ್ಯ ಸಿಗ್ನಲ್ ದಾಟತ್ತಾ ಅಂತ ಲೆಕ್ಕ ಹಾಕೋ ಸಾಫ್ಟ್‌ವೇರ್ ಅಂದ್ರೆ ನನ್ನ ಮಾತು ರೇಡಿಯೊ ಮೊಬೈಲ್. ಫ್ರೀ, ನೋಡೋಕೆ ಹಳೇದು, ಆದ್ರೆ ಲೆಕ್ಕ ಗಟ್ಟಿ. ಗೂಗಲ್ ಅರ್ಥ್‌ನ ಎಲಿವೇಶನ್ ಪ್ರೊಫೈಲ್ ಗುಡ್ಡ ಅಡ್ಡ ಇದೆಯಾ ಅಂತ ಒಂದು ಸಲ ನೋಡೋಕೆ ಸಾಕು, ಅಷ್ಟೇ, ಅದು ಆಂಟೆನಾದಿಂದ ಆಂಟೆನಾಗೆ ಗೆರೆ ಎಳೆಯಲ್ಲ. ದುಡ್ಡು ಕೊಟ್ಟು ತಗೊಳ್ಳೋ ಒಂದು ಮೊಬೈಲ್ ಆ್ಯಪ್ ಹಾಕ್ಸಿ ನೋಡಿದ್ದೆ, ಎರಡು ಚುಕ್ಕೆ ಮಧ್ಯ ದೂರ ಬಿಟ್ರೆ ಏನೂ ಹೇಳ್ಲಿಲ್ಲ, ಅಂಥದ್ದಕ್ಕೆ ದುಡ್ಡು ಹಾಕ್ಬೇಡಿ. ರೇಡಿಯೊ ಮೊಬೈಲಲ್ಲಿ ಮೊದ್ಲು ಬದಲಾಯಿಸ್ಬೇಕಾದ್ದು ಫ್ರೀಕ್ವೆನ್ಸಿ. ಅದು ಹವ್ಯಾಸಕ್ಕೆ ರೇಡಿಯೊ ನಡೆಸೋ ಹ್ಯಾಮ್ ರೇಡಿಯೊದವ್ರಿಗೆ ಮಾಡಿದ್ದು, 144 ಮೆಗಾಹರ್ಟ್ಸ್‌ಗೆ ಸೆಟ್ ಆಗಿ ಬರತ್ತೆ, ನಿಮ್ಮ ಡಿಶ್‌ದು 5800. ಇದನ್ನ ಬದಲಾಯಿಸ್ದೇ ಬಿಟ್ರೆ ಆಗದೇ ಇರೋ ಲಿಂಕೂ ಹಸಿರಾಗತ್ತೆ.

ಈಗ ಎಲ್ರೂ ಎಡವೋ ಜಾಗ. ಈ ಸಾಫ್ಟ್‌ವೇರ್‌ಗಳು ಬಳಸೋ ನೆಲದ ಡೇಟಾ ಹೆಚ್ಚಿನಂಶ 2000ನೇ ಇಸವಿ ಫೆಬ್ರವರೀಲಿ ಅಮೆರಿಕದ ಸ್ಪೇಸ್ ಶಟಲ್ ರೇಡಾರಲ್ಲಿ ಅಳೆದದ್ದು, 30 ಮೀಟರ್‌ಗೆ ಒಂದು ಎತ್ತರ. ದಟ್ಟ ಕಾಡಿದ್ದ ಕಡೆ ರೇಡಾರ್ ಎಲೆಗೇ ತಾಗಿ ನೆಲ ಎತ್ತರ ತೋರ್ಸತ್ತೆ, ಆಮೇಲೆ ನೆಟ್ಟ ಅಕೇಶಿಯಾ ಅದರಲ್ಲಿ ಇಲ್ವೇ ಇಲ್ಲ. ಪಕ್ಕದೂರಿನ ಲಿಂಕ್ ಸತ್ತಿದ್ದು ಇದಕ್ಕೇ. ಮೂರು ಕಿಲೋಮೀಟರ್ ಲಿಂಕ್, ನಡುವಿನ ದಿಬ್ಬದ ನೆಲದಿಂದ 14 ಮೀಟರ್ ಮೇಲೆ ಗೆರೆ ಹೋಗತ್ತೆ ಅಂತ ಬಂದಿತ್ತು, ಆದ್ರೆ ದಿಬ್ಬದ ಮೇಲೆ 15 ಮೀಟರ್ ಅಕೇಶಿಯಾ. ಅದೂ ಮರದ ತುದಿ ದಾಟಿದ್ರೆ ಸಾಲದು, ಸಿಗ್ನಲ್ ದಾರದ ಥರ ಹೋಗಲ್ಲ, ಮೊಗೆಕಾಯಿ ಥರ ನಡುವೆ ಉಬ್ಬಿರತ್ತೆ, ಇದಕ್ಕೆ ಫ್ರೆನೆಲ್ ವಲಯ ಅಂತಾರೆ. ಮೂರು ಕಿಲೋಮೀಟರ್‌ಗೆ ನಟ್ಟನಡುವೆ ಅದರ ತ್ರಿಜ್ಯ 6 ಮೀಟರ್ ಚಿಲ್ಲರೆ, ಕಮ್ಮಿ ಅಂದ್ರೂ ಅದರ ನೂರಕ್ಕೆ 60 ಭಾಗ, ಹತ್ತಿರ ಹತ್ತಿರ 4 ಮೀಟರ್, ಖಾಲಿ ಇರ್ಲೇಬೇಕು. ಅಂದ್ರೆ ಗೆರೆ ಅಲ್ಲಿ 19 ಮೀಟರ್ ಮೇಲಿರ್ಬೇಕಿತ್ತು.

ಹಂಗಾಗಿ ಮರ ನೀವೇ ಅಳೀಬೇಕು. ಗೆರೆ ನೆಲಕ್ಕೆ ಹತ್ರ ಬರೋ ಜಾಗ ಪ್ರೊಫೈಲಲ್ಲಿ ಗುರುತು ಮಾಡ್ಕೊಂಡು ಅಲ್ಲಿಗೆ ನಡ್ಕೊಂಡು ಹೋಗಿ, ಅಡಿಕೆ ಕೊನೆ ಕೊಯ್ಯೋ ದೋಟಿ ಒಯ್ಯಿರಿ, ಅದಕ್ಕಿಂತ ಒಳ್ಳೇ ಅಳತೆಗೋಲು ಇಲ್ಲ. ತುದಿಗೆ ಕೆಂಪು ಬಟ್ಟೆ ಕಟ್ಟಿ ಮರದ ಪಕ್ಕ ಮರದ ತುದಿವರೆಗೆ ಎತ್ತಿ, ಎಷ್ಟು ಅಡಿ ಬಿಚ್ಚಿದ್ರಿ ಅನ್ನೋದನ್ನ ಮೀಟರ್‌ಗೆ ತಿರುಗಿಸಿದ್ರೆ ಅದೇ ಮರದ ಎತ್ತರ, ಇನ್ನೊಬ್ರು ಮನೆ ಮಾಡಿನಿಂದ ಬೈನಾಕ್ಯುಲರಲ್ಲಿ ಬಟ್ಟೆ ಕಾಣತ್ತಾ ಅಂತ ಫೋನಲ್ಲಿ ಹೇಳ್ಲಿ. ಕಾರ್ಬನ್ ಫೈಬರ್ ದೋಟಿಲಿ ಕರೆಂಟ್ ಹರಿಯತ್ತೆ, ವಿದ್ಯುತ್ ಲೈನ್ ಹತ್ರ ಎತ್ಲೇಬೇಡಿ. ಬಂದ ಎತ್ತರಕ್ಕೆ ಮುಂದೆ ಬೆಳೆಯೋಕೆ ಅಂತ ಇನ್ನೂ 3 ಮೀಟರ್ ಸೇರ್ಸಿ, ಅದರ ಮೇಲೆ ಫ್ರೆನೆಲ್‌ನ ಖಾಲಿ ಜಾಗ ಬಿಟ್ಟು ಗೆರೆ ಹೋಗ್ಬೇಕು. ಈ ಕೆಲ್ಸ ಬೇಸಿಗೇಲಿ ಬೇಡ, ಮಳೆ ಬಿಟ್ಟ ಮೇಲೆ ಎಲೆ ತುಂಬಿರುವಾಗ ಮಾಡಿ.

ಆಂಟೆನಾ ಎತ್ತರ ಅಷ್ಟು ಸಿಗಲ್ಲ ಅಂದ್ರೆ ಕಂಬ ಉದ್ದ ಮಾಡೋಕೆ ಹೋಗ್ಬೇಡಿ, ಗಾಳಿಗೆ ಡಿಶ್ ತಿರುಗತ್ತೆ. ದಿಬ್ಬದ ಮೇಲಿನ ಮನೆಯವ್ರನ್ನ ಕೇಳಿ ಅಲ್ಲೊಂದು ನಡುವಿನ ನೋಡ್ ಇಡಿ.

ಉಳಿದದ್ದು ಸುಲಭ. ಮ್ಯಾಪ್ ಮಾಡೋ ಸಾಫ್ಟ್‌ವೇರ್ ಕ್ಯುಜಿಐಎಸ್‌ನಲ್ಲಿ ನೋಡ್‌ಗೆ ಒಂದು ಲೇಯರ್ (ಪದರ), ಲಿಂಕ್‌ಗೆ ಒಂದು. ಅಲ್ಲಿ ಎಕ್ಸ್ ಅಂದ್ರೆ ರೇಖಾಂಶ, ಅದಲುಬದಲಾದ್ರೆ ನಿಮ್ಮ ಮನೆ ನಾರ್ವೆಯ ಉತ್ತರಕ್ಕೆ ಸಮುದ್ರದಲ್ಲಿರತ್ತೆ. ಹೊರಗಿನವ್ರಿಗೆ ಕಾಣೋ ಮ್ಯಾಪಲ್ಲಿ ಮನೆಯವ್ರ ಹೆಸ್ರು, ಫೋನ್ ನಂಬರ್ ಹಾಕ್ಬೇಡಿ, ನೋಡ್‌ಗೆ ಒಂದು ಸಂಖ್ಯೆ ಸಾಕು. 5.8 ಗಿಗಾಹರ್ಟ್ಸ್‌ಗೆ 2018ರಿಂದ ಲೈಸೆನ್ಸ್ ಬೇಡ, ಆದ್ರೆ ಇಂಟರ್ನೆಟ್ ಮಾರೋಕೆ ಬೇಕು, ಎರಡೂ ಬೇರೆ. ಲಿಂಕ್ ಲೇಯರಲ್ಲಿ ಮರದ ಎತ್ತರ ಮತ್ತು ಅಳೆದ ತಾರೀಕು ಅಂತ ಎರಡು ಕಾಲಂ ಮರೀದೆ ಇಡಿ, ಎರಡು ವರ್ಷ ಬಿಟ್ಟು ಸಿಗ್ನಲ್ ಕುಸಿದಾಗ ಡಿಶ್ ಬಿಚ್ಚೋಕ್ ಮುಂಚೆ ಆ ಕಾಲಂ ನೋಡಿ, ದೋಟಿ ತಗೊಂಡು ದಿಬ್ಬಕ್ಕೆ ಹೋಗಿ.