ಕತ್ತಲೆ ಕೋಣೆಯಲ್ಲಿ ಕೈ ಬೀಸುವ ಮುಂಚೆ

ಹೋದ ಬೇಸಿಗೆ ರಜೆಯಲ್ಲಿ ತೀರ್ಥಹಳ್ಳಿಯ ನಮ್ಮ ಭಾವನ ಮನೆಯವರನ್ನೆಲ್ಲ ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದೆ. ಒಂದು ದೊಡ್ಡ ಹಾಲ್. ನಾಲ್ಕೂ ಗೋಡೆಗೆ, ನೆಲಕ್ಕೆ ಪ್ರೊಜೆಕ್ಟರ್‌ನಿಂದ ಚಿತ್ರ ಬಿಡುವ ಶೋ. ಟಿಕೆಟ್ಟೂ ಜಾಸ್ತಿನೇ ಇತ್ತು. ಮಕ್ಕಳು ಒಳಗೆ ಹೋದರು, ಕೈ ಬೀಸಿದರು, ಸೆಲ್ಫಿ ತೆಗೆದರು, ಹೊರಗೆ ಬಂದರು. ಗಡಿಯಾರ ನೋಡಿದೆ. ಏಳು ನಿಮಿಷ! ‘ಮುಗೀತಾ?’ ಅಂದರೆ ‘ಅಷ್ಟೇ ಮಾಮ, ಬರೀ ಲೈಟು’ ಅಂದರು. ಭಾವ ಮಾತ್ರ ಒಳಗೇ ಇದ್ದರು. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇಂಥದ್ದಕ್ಕೆ ಇಮ್ಮರ್ಸಿವ್ ಕಲೆ ಅನ್ನುತ್ತಾರೆ. ಚಿತ್ರದ ಎದುರು ನಿಲ್ಲುವುದಲ್ಲ, ಚಿತ್ರದ ಒಳಗೆ ನಿಲ್ಲುವುದು. ನೀವು ಕದಲಿದರೆ ಅದೂ ಕದಲಿದರೆ ಇಂಟರ್ಯಾಕ್ಟಿವ್. ನಮಗಿದು ತೀರಾ ಹೊಸತಲ್ಲ. ಗದ್ದೆ ಬಯಲಲ್ಲಿ ಯಕ್ಷಗಾನಕ್ಕೆ ಕೂತಾಗ ಚೆಂಡೆ ಪೆಟ್ಟು ಎದೆಗೇ ಬೀಳುತ್ತದೆ ಅಲ್ವಾ? ಆಟವನ್ನು ಏಳು ನಿಮಿಷ ನೋಡಿ ಎದ್ದು ಬಂದವನು ‘ಬರೀ ಬಣ್ಣ’ ಅಂದರೆ ಯಾರು ಕೇಳುತ್ತಾರೆ! ಶಿವಮೊಗ್ಗದಿಂದ ಅಷ್ಟು ದೂರ ಹೋಗಿ ಹಾಗೆ ವಾಪಸ್ ಬರಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲ ಹಂತ: ದಿನ, ಜಾಗ

ಸೋಮವಾರ ಹೋಗಬೇಡಿ. ಹೆಚ್ಚಿನ ಮ್ಯೂಸಿಯಂಗಳಿಗೆ ಅವತ್ತು ರಜೆ. ಭಾನುವಾರದ ಗದ್ದಲವೂ ಬೇಡ. ವಾರದ ನಡುವಿನ ಒಂದು ದಿನ ಆರಿಸಿಕೊಳ್ಳಿ. ಹಿಂದಿನ ದಿನ ಫೋನ್ ಮಾಡಿ ‘ನಾಳೆ ತೆಗೆದಿರುತ್ತಾ, ಈಗ ಯಾವ ಪ್ರದರ್ಶನ ನಡೀತಿದೆ’ ಅಂತ ಕೇಳಿಬಿಡಿ. ಒಂದು ಪ್ರದರ್ಶನ ತೆಗೆದು ಇನ್ನೊಂದು ಜೋಡಿಸುವ ದಿನಗಳಲ್ಲಿ ಹೋದರೆ ಏಣಿ, ವೈರು ನೋಡಿಕೊಂಡು ಬರಬೇಕಾಗುತ್ತದೆ.

ದಿನಕ್ಕೆ ಎರಡೇ ಜಾಗ. ಮೂರನೆಯದಕ್ಕೆ ಆಸೆ ಪಡಬೇಡಿ. ಮೊದಲ ಸಲಕ್ಕೆ ನಾನು ಹೇಳುವುದು ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್. 2019ರಲ್ಲಿ ಶುರುವಾದ ಸಂಗೀತದ ಮ್ಯೂಸಿಯಂ. ಹೊರಗೆ ‘ಸೌಂಡ್ ಗಾರ್ಡನ್’ ಅಂತ ಇದೆ, ಅಲ್ಲಿರುವುದನ್ನು ತಟ್ಟಿ ನುಡಿಸಬಹುದು. ನಮ್ಮವರು ಅದನ್ನು ಬಾಗಿಲು ಬಡಿದ ಹಾಗೆ ಬಡಿಯುತ್ತಾರೆ. ಒಂದೇ ಪೆಟ್ಟು, ಮೆಲ್ಲಗೆ. ಆಮೇಲೆ ಕಿವಿ ಹತ್ತಿರ ತಂದು ನಾದ ಪೂರ್ತಿ ಅಡಗುವವರೆಗೆ ಕಾಯಿರಿ. ಮಜಾ ಇರುವುದು ಆ ಬಾಲದಲ್ಲಿ.

ಎರಡನೆಯದು ಕಸ್ತೂರಬಾ ರಸ್ತೆಯ ಮ್ಯಾಪ್, ಅಂದರೆ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ. 2023ರಲ್ಲಿ ತೆರೆದದ್ದು. ಹೊರಗಿನಿಂದ ದೊಡ್ಡ ಸ್ಟೀಲ್ ನೀರಿನ ಟ್ಯಾಂಕ್ ಥರ ಕಾಣುತ್ತದೆ. ಮೆಜೆಸ್ಟಿಕ್‌ನಿಂದ ನೇರಳೆ ಮೆಟ್ರೊದಲ್ಲಿ ಮೂರನೇ ಸ್ಟೇಷನ್ ಕಬ್ಬನ್ ಪಾರ್ಕ್, ಅಲ್ಲಿಳಿದು ನಡೆದೇ ಹೋಗಬಹುದು. ಕಾಲೇಜು ಮಕ್ಕಳಿದ್ದರೆ ಹೆಬ್ಬಾಳದ ಕಡೆಯ ಸೈನ್ಸ್ ಗ್ಯಾಲರಿ ಇನ್ನೂ ಒಳ್ಳೆಯದು. ಪ್ರವೇಶ ಉಚಿತ. ವಿಜ್ಞಾನ ಮತ್ತು ಕಲೆ ಬೆರೆಸಿ ಒಂದೊಂದು ವಿಷಯದ ಮೇಲೆ ಪ್ರದರ್ಶನ ಮಾಡುತ್ತಾರೆ. ವಿವರಿಸಲು ಹುಡುಗ ಹುಡುಗಿಯರು ನಿಂತಿರುತ್ತಾರೆ. ಸಂಕೋಚ ಬಿಟ್ಟು ಕನ್ನಡದಲ್ಲೇ ಕೇಳಿ.

ಎರಡನೇ ಹಂತ: ಟಿಕೆಟ್

ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ, ಮುಗಿಯಿತು. ಆದರೆ ಯಾವುದಕ್ಕೆ ಅನ್ನುವುದು ಮುಖ್ಯ. ಮಾಲ್‌ಗಳಲ್ಲಿ ‘ಸೆಲ್ಫಿ ಮ್ಯೂಸಿಯಂ’ ಅಂತ ಬರುತ್ತವೆ. ಪ್ಲಾಸ್ಟಿಕ್ ಹೂವಿನ ಗೋಡೆ, ಉಯ್ಯಾಲೆ, ಗುಲಾಬಿ ಬಣ್ಣದ ಬಾತ್‌ಟಬ್. ಅದು ಫೋಟೊ ಸ್ಟುಡಿಯೋ, ಕಲೆ ಅಲ್ಲ. ದುಡ್ಡು ದಂಡ.

ಡಚ್ ಚಿತ್ರಕಾರ ವ್ಯಾನ್ ಗೋನ ಚಿತ್ರಗಳನ್ನು ಗೋಡೆಗೆ ಬಿಡುತ್ತಾ ಊರೂರು ತಿರುಗುವ ಶೋಗಳೂ ಬರುತ್ತಿರುತ್ತವೆ. ಚೆನ್ನಾಗಿ ಮಾಡಿದ್ದರೆ ನೋಡಬಹುದು. ಆದರೆ ಒಂದು ನೆನಪಿರಲಿ. 1889ರಲ್ಲಿ ಅವನು ಬರೆದ ನಕ್ಷತ್ರದ ರಾತ್ರಿಯ ಅಸಲು ಚಿತ್ರ ಮೂರಡಿ ಅಗಲ, ಎರಡೂವರೆ ಅಡಿ ಎತ್ತರ, ಅಷ್ಟೇ. ಹತ್ತಿರ ಹೋದರೆ ಬಣ್ಣದ ದಪ್ಪ ಕಾಣುವಂಥದ್ದು. ಅದನ್ನು ಹಿಗ್ಗಿಸಿ ಗೋಡೆ ತುಂಬಾ ಓಡಾಡಿಸಿದಾಗ ನೀವು ನೋಡುವುದು ಇವತ್ತಿನ ಕಂಪ್ಯೂಟರ್‌ನವರ ಕೈಚಳಕವನ್ನು. ವ್ಯಾನ್ ಗೋನನ್ನೇ ನೋಡಿದೆ ಅಂತ ಊರಲ್ಲಿ ಹೇಳಬೇಡಿ.

ಮೂರನೇ ಹಂತ: ಬಟ್ಟೆ

ನಗಬೇಡಿ. ಪ್ರೊಜೆಕ್ಟರ್ ಕೋಣೆಗೆ ಬಿಳಿ ಅಥವಾ ತಿಳಿ ಬಣ್ಣದ ಅಂಗಿ ಹಾಕಿ. ಚಿತ್ರ ನಿಮ್ಮ ಮೈಮೇಲೂ ಬೀಳುತ್ತದೆ. ಕಡುಗಪ್ಪು ಬಟ್ಟೆ ಬೇಡ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಿಂದ ಜನರನ್ನು ಗುರುತಿಸುವ ಕೆಲವು ಸೆನ್ಸರ್‌ಗಳಿಗೆ ಕಪ್ಪು ಸರಿಯಾಗಿ ಸಿಗುವುದಿಲ್ಲ. 2012ರಲ್ಲಿ ಲಂಡನ್ನಿನ ಬಾರ್ಬಿಕನ್ ಕಲಾಕೇಂದ್ರದಲ್ಲಿ ಜನರನ್ನು ಹೀಗೆ ಗುರುತಿಸುವ ‘ರೇನ್ ರೂಮ್’ ಅಂತ ಒಂದು ಕೋಣೆ ಮಾಡಿದ್ದರು. ಒಳಗೆ ಧೋ ಅಂತ ಮಳೆ, ನೀವು ನಡೆದಲ್ಲಿ ಮಾತ್ರ ನಿಲ್ಲುತ್ತದೆ. ನಿಧಾನವಾಗಿ ನಡೆದರೆ ಒಣಗಿದ ಬಟ್ಟೆಯಲ್ಲೇ ಆಚೆ ಬರಬಹುದು, ಓಡಿದರೆ ತೋಯ್ದು ತೊಪ್ಪೆ. ಜನ ಗಂಟೆಗಟ್ಟಲೆ ಕ್ಯೂ ನಿಂತಿದ್ದರಂತೆ ಅಂದಿದ್ದಕ್ಕೆ ಭಾವ, ‘ಅಲ್ಲ ಮಾರಾಯ, ಮಳೆ ನೋಡಲಿಕ್ಕೆ ಕ್ಯೂ ನಿಲ್ಲುತ್ತಾರಾ? ಆಷಾಢದಲ್ಲಿ ಆಗುಂಬೆಗೆ ಬರ್ಲಿಕ್ಕೆ ಹೇಳು’ ಅಂದರು.

ನಾಲ್ಕನೇ ಹಂತ: ಕೋಣೆಯ ಒಳಗೆ

ಎಲ್ಲರೂ ಕೆಡಿಸುವುದು ಇಲ್ಲೇ.

ಬಾಗಿಲಲ್ಲಿ ನಿಂತವರನ್ನು ಕೇಳಿ: ಇದು ಎಷ್ಟು ನಿಮಿಷದ್ದು, ಈಗ ಎಲ್ಲಿಗೆ ಬಂದಿದೆ? ಇಂಥ ವಿಡಿಯೊಗಳು ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಓಡುತ್ತಿರುತ್ತವೆ. ನಡುವೆ ನುಗ್ಗಿ, ನಡುವೆ ಹೊರಬಂದರೆ ಏನೂ ಹತ್ತುವುದಿಲ್ಲ. ಒಂದು ಸುತ್ತು ಪೂರ್ತಿ ಕೂತು ನೋಡಿ. ಎರಡನೇ ಸುತ್ತಿಗೆ ಎದ್ದು ಓಡಾಡಿ.

ಒಳಗೆ ಹೋದ ತಕ್ಷಣ ಗೋಡೆಗೆ ಒರಗಿ ನಿಲ್ಲಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದಾಗ ಏನಾಗುತ್ತದೆ ಹೇಳಿ? ಮೊದಲು ಗಾಢ ಕತ್ತಲೆ. ಸ್ವಲ್ಪ ಹೊತ್ತಿಗೆ ಕಿಟಕಿಯ ಸರಳು ಕಾಣುತ್ತದೆ, ಆಮೇಲೆ ಜಗುಲಿಯ ಕಂಬ, ಆಮೇಲೆ ಅಂಗಳದ ತುಳಸಿಕಟ್ಟೆ. ಕಣ್ಣು ಕತ್ತಲಿಗೆ ಪೂರ್ತಿ ಪಳಗಲು ಇಪ್ಪತ್ತು ನಿಮಿಷವಾದರೂ ಬೇಕು. ಮಂದ ಬೆಳಕಿನ ಕೋಣೆಗಳನ್ನು ಕಲಾವಿದರು ಮಾಡಿರುವುದೇ ಪಳಗಿದ ಕಣ್ಣಿಗೆ. ನಡುವೆ ಒಂದು ಸಲ ಮೊಬೈಲ್ ತೆಗೆದು ನೋಡಿದಿರೋ, ಮತ್ತೆ ಮೊದಲಿನಿಂದ ಶುರು. ಪಕ್ಕದವರ ಕಣ್ಣಿಗೂ ಅದೇ ಗತಿ. ಮೊಬೈಲ್ ಚೀಲದಲ್ಲಿರಲಿ. ರೀಲ್ಸ್ ಬೇಕೇಬೇಕು ಅಂದರೆ ಕೊನೆಯ ಐದು ನಿಮಿಷ.

ಈಗ ಸೆನ್ಸರ್ ವಿಷಯ. ತಲೆ ಎತ್ತಿ ನೋಡಿ. ಮೇಲೆಲ್ಲೋ ಒಂದು ಸಣ್ಣ ಕ್ಯಾಮೆರಾ ಇರುತ್ತದೆ. ಅದು ಎಲ್ಲಿದೆ ಅಂತ ಗೊತ್ತಾದರೆ ಅದು ನೋಡುವ ಜಾಗ ಎಷ್ಟು ಅಂತಲೂ ಅಂದಾಜಾಗುತ್ತದೆ. ಆ ಜಾಗದೊಳಗೆ ಒಬ್ಬರೇ ಹೋಗಿ. ಮೊದಲು ಅಲ್ಲಾಡದೆ ನಿಲ್ಲಿ. ಆಮೇಲೆ ಒಂದು ಕೈ ಎತ್ತಿ, ಮೆಲ್ಲಗೆ, ಎತ್ತಿ ಕಾಯಿರಿ. ನೀವು ಮಾಡಿದ್ದಕ್ಕೂ ಅದು ಉತ್ತರಿಸುವುದಕ್ಕೂ ನಡುವೆ ಒಂದು ಕ್ಷಣದ ಅಂತರ ಇರುತ್ತದೆ. ಇಪ್ಪತ್ತು ಜನ ಒಟ್ಟಿಗೆ ಕೈ ಬೀಸಿದರೆ ಯಂತ್ರಕ್ಕೆ ಯಾರ ಕೈ ಯಾರದು ಅಂತ ತಿಳಿಯುವುದಿಲ್ಲ. ಮದುವೆ ಊಟದಲ್ಲಿ ಎಲ್ಲರೂ ಒಟ್ಟಿಗೆ ‘ಸಾರು, ಸಾರು’ ಅಂತ ಕೂಗಿದರೆ ಬಡಿಸುವವನು ಎಲ್ಲಿಗೆ ಹೋಗಬೇಕು?

ಭಾವ ಮಾಡಿದ್ದು ಇಷ್ಟೇ. ಮಕ್ಕಳೆಲ್ಲ ಕುಣಿಯುವಾಗ ನೆಲದ ಮೇಲಿನ ಬೆಳಕಿನ ಚುಕ್ಕಿಗಳು ಚೆಲ್ಲಾಪಿಲ್ಲಿ ಓಡುತ್ತಿದ್ದವು. ಎಲ್ಲರೂ ಹೋದ ಮೇಲೆ ಇವರು ಮಧ್ಯದಲ್ಲಿ ಕೈ ಹಿಂದೆ ಕಟ್ಟಿ ನಿಂತರು. ತೋಟದಲ್ಲಿ ಅಡಿಕೆ ಕೊನೆ ಕೊಯ್ಯುವ ಕೊನೆಗಾರ ಮರದಿಂದ ಇಳಿಯುವುದನ್ನು ಕಾಯುವಾಗ ನಿಲ್ಲುತ್ತಾರಲ್ಲ, ಹಾಗೆ. ಒಂದು ಚುಕ್ಕಿ ಬಂತು, ಆಮೇಲೆ ಹತ್ತು. ಸ್ವಲ್ಪ ಹೊತ್ತಿಗೆ ಕೆರೆಯ ಮೀನು ಅಕ್ಕಿಗೆ ಮುತ್ತಿದ ಹಾಗೆ ಅವರ ಹವಾಯಿ ಚಪ್ಪಲಿಯ ಸುತ್ತ ಬೆಳಕು ಮುತ್ತಿತ್ತು. ಅವರು ಹೆಬ್ಬೆರಳು ಒಂದಿಷ್ಟೇ ಅಲ್ಲಾಡಿಸಿದರು. ಅಷ್ಟೂ ಚದುರಿ, ಮತ್ತೆ ಬಂದವು. ಆ ಕೋಣೆ ಮಾಡಿದ್ದೇ ಸುಮ್ನೆ ನಿಲ್ಲುವವರಿಗೆ! ಮಕ್ಕಳನ್ನು ಮತ್ತೆ ಒಳಗೆ ಕಳಿಸಲು ಬಾಗಿಲಲ್ಲಿ ಬಿಡಲಿಲ್ಲ. ಟಿಕೆಟ್ ಒಂದೇ ಸಲಕ್ಕೆ.

ಇನ್ನೊಂದು. ಒಂದು ಕೋಣೆಯಲ್ಲಿ ಮುಟ್ಟಲು ಬಿಟ್ಟರು ಅಂತ ಪಕ್ಕದ ಕೋಣೆಯ ಚಿತ್ರಕ್ಕೆ ಕೈ ಹಾಕಬೇಡಿ. ಕೇಳಿ ಮುಟ್ಟಿ.

ಐದನೇ ಹಂತ: ವಿಆರ್ ಕನ್ನಡಕ

ವಿಆರ್ ಅಂದರೆ ವರ್ಚುವಲ್ ರಿಯಾಲಿಟಿ, ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಬೇರೆಯೇ ಲೋಕ ಕಾಣಿಸುವ ಕನ್ನಡಕ. ಆಗುಂಬೆ ಘಾಟಿಯ ಹದಿನಾಲ್ಕು ತಿರುವಿನಲ್ಲಿ ವಾಂತಿ ಮಾಡುವವರು ನೀವಾಗಿದ್ದರೆ ಹುಷಾರು. ಬಸ್ಸಿನಲ್ಲಿ ಒಳಕಿವಿ ‘ತಿರುಗುತ್ತಿದ್ದೇವೆ’ ಅನ್ನುತ್ತದೆ, ಮುಂದಿನ ಸೀಟು ನೋಡುವ ಕಣ್ಣು ‘ಇಲ್ಲ’ ಅನ್ನುತ್ತದೆ. ವಿಆರ್‌ನಲ್ಲಿ ಇದು ಉಲ್ಟಾ. ಜಗಳ ಮಾತ್ರ ಅದೇ. ಕೂತೇ ನೋಡುತ್ತೇನೆ ಅನ್ನಿ, ಕುರ್ಚಿ ಕೊಡುತ್ತಾರೆ. ಹೊಟ್ಟೆ ಬಿರಿಯ ತಿಂದು ಹೋಗಬೇಡಿ. ಚಿತ್ರ ಮಸುಕಾಗಿದ್ದರೆ ‘ಹೀಗೇ ಇರಬೇಕೇನೋ’ ಅಂತ ಸಹಿಸಬೇಡಿ. ಕನ್ನಡಕವನ್ನು ಮೂಗಿನ ಮೇಲೆ ಮೇಲೆ-ಕೆಳಗೆ ಸರಿಸಿ, ಪಟ್ಟಿ ಬಿಗಿ ಮಾಡಿಸಿ. ತಲೆ ಸುತ್ತಿದರೆ ಕಣ್ಣು ಮುಚ್ಚಿ ತೆಗೆದುಬಿಡಿ, ಮರ್ಯಾದೆ ಪ್ರಶ್ನೆ ಏನಿಲ್ಲ.

ಕೊನೆಯ ಹಂತ

ಹೊರಗೆ ಬರುವಾಗ ಗೋಡೆಯ ಪಕ್ಕ ಕಲಾವಿದರ ಹೆಸರಿರುವ ಸಣ್ಣ ಚೀಟಿಯ ಫೋಟೊ ತೆಗೆದುಕೊಳ್ಳಿ. ನೂರು ಸೆಲ್ಫಿಗಿಂತ ಆ ಒಂದು ಫೋಟೊ ಉಪಯೋಗಕ್ಕೆ ಬರುತ್ತದೆ, ಅವರ ಬೇರೆ ಕೆಲಸಗಳನ್ನು ಮನೆಯಲ್ಲಿ ಕೂತು ಹುಡುಕಬಹುದು. ಭಾವನಿಗೆ ಅದನ್ನು ಹೇಳಲು ಮರೆತಿದ್ದೆ. ವಾಪಸ್ ರೈಲಿನಲ್ಲಿ ಅರಸೀಕೆರೆ ದಾಟಿದ ಮೇಲೆ ಕೇಳಿದರು, ‘ಆ ಚುಕ್ಕಿ ಮಾಡಿದವರು ಯಾರು ಮಾರಾಯ?’ ನನ್ನ ಫೋನಿನಲ್ಲಿದ್ದದ್ದು ಮಕ್ಕಳ ಸೆಲ್ಫಿಗಳು ಮಾತ್ರ.