ಒನಕೆ ಗದೆಯಾಗದಂತೆ ಪ್ರಾಂಪ್ಟ್ ಬರೆಯುವುದು ಹೇಗೆ?

‘ಒನಕೆ ಓಬವ್ವ ಶತ್ರುಗಳನ್ನು ಸದೆಬಡಿಯುವ ಸಿನಿಮಾ ದೃಶ್ಯ, ಭಯಂಕರ ಆ್ಯಕ್ಷನ್, 8ಕೆ’ ಎಂದು ಚಿತ್ರ ಮಾಡುವ ಎಐಗೆ ಪ್ರಾಂಪ್ಟ್, ಅಂದರೆ ಏನು ಬೇಕೆಂಬ ಸೂಚನೆ, ಬರೆದುಕೊಟ್ಟರೆ ಏನು ಬರುತ್ತದೆ? ಹೆಚ್ಚಾಗಿ ಕೈಯಲ್ಲಿ ಹನುಮಂತನ ಗದೆ, ಹಿಂದೆ ರಾಜಸ್ಥಾನದ ಅರಮನೆ, ಸುತ್ತ ಬೆಂಕಿ, ಎದುರಿಗೆ ರೋಮನ್ ಶಿರಸ್ತ್ರಾಣ ತೊಟ್ಟ ಸೈನಿಕರು. ನವೆಂಬರ್ 11ರ ಜಯಂತಿಯ ಫ್ಲೆಕ್ಸ್‌ಗೆ ಇದನ್ನೇ ಹಾಕಿದರೆ ಚಿತ್ರದುರ್ಗದ ಜನ ನಕ್ಕಾರು.

ತಪ್ಪು ಎಲ್ಲಿದೆ ಎಂದರೆ, ಆ ಸಾಲಿನಲ್ಲಿ ಕಥೆ ಇದೆ, ಚಿತ್ರವಿಲ್ಲ. ‘ಸದೆಬಡಿಯುವುದು’ ಹಲವು ನಿಮಿಷಗಳ ಕೆಲಸ; ಚಿತ್ರಕ್ಕೆ ಸಿಗುವುದು ಅದರಲ್ಲಿ ಒಂದೇ ಗಳಿಗೆ. ಯಾವ ಗಳಿಗೆ ಎಂದು ನೀವು ಹೇಳದಿದ್ದರೆ ಯಂತ್ರ ತಾನು ಕಲಿತ ಸಾವಿರಾರು ಯುದ್ಧಚಿತ್ರಗಳ ಸರಾಸರಿಯನ್ನು ಎತ್ತಿ ಕೊಡುತ್ತದೆ.

ಮೊದಲು ಗಳಿಗೆ ಆರಿಸಿ

ಏಟು ಬಿದ್ದ ಗಳಿಗೆಗಿಂತ ಬೀಳುವ ಮುಂಚಿನದು ಒಳ್ಳೆಯದು. ಒನಕೆ ತಲೆಯ ಮೇಲಕ್ಕೆ ಎದ್ದಿದೆ, ಕಿಂಡಿಯಿಂದ ಒಬ್ಬನ ತಲೆ ಮತ್ತು ಒಂದು ಕೈ ಮಾತ್ರ ಹೊರಬಂದಿದೆ, ಅವನಿನ್ನೂ ಮೇಲೆ ನೋಡಿಲ್ಲ. ಮುಂದೇನಾಗುತ್ತದೆ ಎನ್ನುವುದನ್ನು ನೋಡುವವರೇ ಪೂರೈಸಿಕೊಳ್ಳುತ್ತಾರೆ. ಇನ್ನೊಂದು ಲಾಭವೂ ಇದೆ: ರಕ್ತ, ಕೊಲ್ಲುವುದು, ತಲೆ ಒಡೆಯುವುದು ಎಂದು ಬರೆದರೆ ಹಲವು ಸೇವೆಗಳು ಚಿತ್ರ ಮಾಡಲು ಒಪ್ಪುವುದೇ ಇಲ್ಲ.

ಇಬ್ಬರಿಗಿಂತ ಹೆಚ್ಚು ಜನರನ್ನು ಮುಂದೆ ನಿಲ್ಲಿಸಬೇಡಿ. ಮೈಗೆ ಮೈ ತಾಗಿದ ಕಡೆ ಯಾವ ಕೈ ಯಾರದೆಂದು ಯಂತ್ರಕ್ಕೆ ಗೊಂದಲ. ಮೂರನೇ ಕೈ, ಆರನೇ ಬೆರಳು ಮೂಡುವುದು ಅಲ್ಲೇ. ಓಬವ್ವನ ಕಿಂಡಿ ಒಬ್ಬರೇ ನುಸುಳುವಷ್ಟು ಇಕ್ಕಟ್ಟಾಗಿರುವುದು ಇಲ್ಲಿ ಅನುಕೂಲವೇ ಆಯಿತು.

ಹೆಸರು ಬೇಡ, ಆಕಾರ ಹೇಳಿ

‘ಒನಕೆ’ ಎಂಬ ಪದ ಯಂತ್ರಕ್ಕೆ ಅಷ್ಟಾಗಿ ಗೊತ್ತಿಲ್ಲ. ಅನುವಾದ ಮಾಡಿಕೊಟ್ಟರೆ ಮೆಣಸು ಕುಟ್ಟುವ ಗೇಣುದ್ದದ ಕಲ್ಲಿನ ಗುಂಡು ಬರುತ್ತದೆ. ಹಾಗಾಗಿ ಹೀಗೆ ಬಿಡಿಸಿ: ‘ಐದಡಿ ಉದ್ದದ, ಮುಷ್ಟಿಗೆ ಸಿಗುವಷ್ಟು ದಪ್ಪದ, ನೇರವಾದ ಮರದ ಕೋಲು, ಬಳಸಿ ಬಳಸಿ ನುಣುಪಾಗಿದೆ, ಕೆಳತುದಿಗೆ ಕಬ್ಬಿಣದ ಬಳೆ, ಎರಡೂ ಕೈಗಳಿಂದ ಹಿಡಿದಿದ್ದಾಳೆ, ಕೈಗಳ ನಡುವೆ ಎರಡಡಿ ಅಂತರ.’ ಕೈಗಳ ಅಂತರ ಹೇಳುವುದು ಅತಿಯೆನಿಸಬಹುದು, ಆದರೆ ಬೆರಳುಗಳು ಕಲಸಿಹೋಗುವುದು ಅದರಿಂದಲೇ ಕಡಿಮೆಯಾಗುತ್ತದೆ.

ಕಿಂಡಿಯ ಕಥೆಯೂ ಅಷ್ಟೆ. ‘ಕೋಟೆಯ ರಹಸ್ಯ ದ್ವಾರ’ ಎಂದರೆ ಕಮಾನಿನ ಬಾಗಿಲು ಬರುತ್ತದೆ. ‘ಎರಡು ಬೃಹತ್ ಕರಿಬೂದು ಗ್ರಾನೈಟ್ ಬಂಡೆಗಳ ನಡುವಿನ ಇಕ್ಕಟ್ಟು ಸಂದು, ನೆಲಮಟ್ಟದಲ್ಲಿ’ ಎಂದರೆ ದುರ್ಗ ಬರುತ್ತದೆ. ಕೋಟೆ ಗೋಡೆಗೆ ‘ಗಾರೆಯಿಲ್ಲದೆ ಜೋಡಿಸಿದ ದಪ್ಪ ಕಲ್ಲುಗಳು’ ಎಂದು ಸೇರಿಸಿ. ಸೀರೆಗೆ ‘ಕಚ್ಚೆ ಹಾಕಿ ಮೊಣಕಾಲ ಕೆಳಗೆ ಉಟ್ಟ, ಮಾಸಿದ ಕೆಂಪು ನೂಲಿನ ಸೀರೆ, ಸೆರಗು ಸೊಂಟಕ್ಕೆ ಸಿಕ್ಕಿಸಿದೆ’. ಇಲ್ಲದಿದ್ದರೆ ಮದುವೆಯ ರೇಷ್ಮೆ ಸೀರೆ ಗ್ಯಾರಂಟಿ.

ಬೆಳಕು, ಕ್ಯಾಮೆರಾ

ಗಂಡ ಊಟಕ್ಕೆ ಬಂದ ಹೊತ್ತಿನಲ್ಲಿ ನಡೆದದ್ದೆಂದು ಜನ ಹೇಳಿಕೊಂಡು ಬಂದ ಕಥೆ ಇದು. ಅಂದರೆ ಮಧ್ಯಾಹ್ನ. ದೀವಟಿಗೆ, ಬೆಳದಿಂಗಳು ತಂದರೆ ಕಥೆ ಕೆಟ್ಟಿತು. ಬಂಡೆಗಳ ನೆರಳಿನಲ್ಲಿ ಓಬವ್ವ, ಸಂದಿಯ ಹಿಂದಿನಿಂದ ತೂರಿಬರುವ ಬಿಸಿಲು, ಆ ಬಿಸಿಲಿನಲ್ಲಿ ಹೊಳೆಯುವ ಧೂಳು. ಬೆಳಕು ಹಿಂದಿನಿಂದ ಬಂದರೆ ಧೂಳು ಎದ್ದು ಕಾಣುತ್ತದೆ. ಒಂದೇ ಪ್ರಾಂಪ್ಟ್‌ನಲ್ಲಿ ಎರಡು ಮೂಲದ ಬೆಳಕು ಬೇಡ. ಮುಖಕ್ಕೊಂದು, ಬಂಡೆಗೊಂದು ದಿಕ್ಕಿನ ನೆರಳು ಬಿದ್ದು ಸ್ಟುಡಿಯೊ ಫೋಟೊದಂತಾಗುತ್ತದೆ.

ಕ್ಯಾಮೆರಾ ನೆಲಮಟ್ಟದಲ್ಲಿರಲಿ, ಮೇಲಕ್ಕೆ ನೋಡಲಿ, ಲೆನ್ಸ್ 24 ಎಂ.ಎಂ. ಈ ಅಗಲದ ಲೆನ್ಸ್ ಹತ್ತಿರದ ವಸ್ತುವನ್ನು ಹಿಗ್ಗಿಸಿ ತೋರಿಸುವುದರಿಂದ ಕ್ಯಾಮೆರಾದ ಕಡೆ ಬಾಗಿದ ಒನಕೆಯ ತುದಿ ದೊಡ್ಡದಾಗುತ್ತದೆ. ಚಿತ್ರದುರ್ಗದ ಬಳಿಯ ಹೆದ್ದಾರಿ 48ರಲ್ಲಿ ಬೈಕ್ ಚೇಸ್ ಬೇಕಿದ್ದರೆ ತದ್ವಿರುದ್ಧ: 200 ಎಂ.ಎಂ. ಎಂದರೆ ದೂರದ ಗುಡ್ಡದ ಮೇಲಿನ ಗಾಳಿಯಂತ್ರಗಳು ಸವಾರನ ಬೆನ್ನಿಗೇ ಬಂದು ನಿಂತಂತೆ ಕಾಣುತ್ತವೆ.

ಇನ್ನು ಚಲನೆ. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುವಾಗ ಶಟರ್ ಸಾಮಾನ್ಯವಾಗಿ ಸೆಕೆಂಡಿನ 1/48 ಭಾಗ ತೆರೆದಿರುತ್ತದೆ. ವೇಗವಾಗಿ ಸಾಗುವ ವಸ್ತು ಅಷ್ಟರಲ್ಲೇ ಕೊಂಚ ಎಳೆದಂತೆ ಮೂಡುತ್ತದೆ. ಬರೀ ‘ಮೋಷನ್ ಬ್ಲರ್’ ಎಂದರೆ ಮುಖವೂ ಕಲಸಿಹೋಗುತ್ತದೆ. ಯಾವುದು ಕಲಸಬೇಕು, ಯಾವುದು ನಿಚ್ಚಳವಾಗಿರಬೇಕು ಎರಡನ್ನೂ ಹೇಳಿ: ‘ಒನಕೆಯ ತುದಿ ಮತ್ತು ಬಿಚ್ಚಿದ ಕೂದಲು ಮಸುಕು, ಕಣ್ಣು, ಕೈಗಳು ನಿಚ್ಚಳ.’

‘8ಕೆ’, ‘ಮಾಸ್ಟರ್‌ಪೀಸ್’ ಎಂಬವು ಲಗ್ನಪತ್ರಿಕೆಯ ‘ಸುಖಾಗಮನ ಬಯಸುವವರು’ ಇದ್ದಂತೆ. ಇದ್ದರೆ ನಷ್ಟವಿಲ್ಲ, ಊಟದ ರುಚಿಯೇನೂ ಹೆಚ್ಚದು.

ಎಲ್ಲ ಸೇರಿಸಿದಾಗ:

‘ನೆಲಮಟ್ಟದಿಂದ ಮೇಲಕ್ಕೆ ನೋಡುವ ಸಿನಿಮಾ ಫ್ರೇಮ್, 24 ಎಂ.ಎಂ. ಲೆನ್ಸ್. 18ನೇ ಶತಮಾನದ ದಕ್ಷಿಣ ಭಾರತದ ಮೂವತ್ತರ ಆಸುಪಾಸಿನ ಹೆಂಗಸು, ಕಚ್ಚೆ ಹಾಕಿದ ಮಾಸಿದ ಕೆಂಪು ನೂಲಿನ ಸೀರೆ, ಐದಡಿಯ ಮರದ ಕೋಲನ್ನು ಎರಡೂ ಕೈಗಳಿಂದ ತಲೆಯ ಮೇಲೆ ಎತ್ತಿದ್ದಾಳೆ, ತುದಿಗೆ ಕಬ್ಬಿಣದ ಬಳೆ. ಬಲಕ್ಕೆ ಗ್ರಾನೈಟ್ ಬಂಡೆಗಳ ಇಕ್ಕಟ್ಟು ಸಂದು, ಅದರಿಂದ ಮುಂಡಾಸಿನ ಸೈನಿಕನ ತಲೆ ಮತ್ತು ಒಂದು ಕೈ ಮಾತ್ರ ಹೊರಬಂದಿವೆ. ಸಂದಿಯ ಹಿಂದಿನಿಂದ ಮಧ್ಯಾಹ್ನದ ಬಿಸಿಲು, ಧೂಳು. ಕೋಲಿನ ತುದಿ ಮಸುಕು, ಮುಖ ನಿಚ್ಚಳ. ಅನುಪಾತ 21:9.’

ಚಾಟ್‌ಜಿಪಿಟಿ, ಜೆಮಿನಿಗೆ ಇದನ್ನು ಕನ್ನಡದಲ್ಲೇ ಕೊಡಬಹುದು. ಸ್ಟೇಬಲ್ ಡಿಫ್ಯೂಷನ್ ಎಂಬ ಚಿತ್ರ ಮಾಡುವ ಎಐನ ಹಳೆಯ ಆವೃತ್ತಿಗಳಿಗೆ ಇಂಗ್ಲಿಷ್ ಬೇಕು, ಅದೂ ಚಿಕ್ಕದಾಗಿ. ಅವು ಒಂದು ಸಲಕ್ಕೆ ಓದುವುದು 77 ಟೋಕನ್ (ಪದ ಅಥವಾ ಪದದ ತುಣುಕು) ಮಾತ್ರ. ಹಾಗಾಗಿ ವ್ಯಕ್ತಿ ಮತ್ತು ಒನಕೆ ಮೊದಲು, ಧೂಳು ಕೊನೆಗೆ. ‘ಬೆಂಕಿ ಬೇಡ’ ಎಂದು ಪ್ರಾಂಪ್ಟ್‌ನೊಳಗೇ ಬರೆದರೆ ಆ ಪದವೇ ಬೆಂಕಿ ಹಚ್ಚೀತು. ಬೇಡದ್ದಕ್ಕೆ ಸ್ಟೇಬಲ್ ಡಿಫ್ಯೂಷನ್‌ನಲ್ಲಿ ನೆಗೆಟಿವ್ ಪ್ರಾಂಪ್ಟ್ ಎಂಬ ಬೇರೆಯೇ ಖಾನೆ ಇದೆ, ಮಿಡ್‌ಜರ್ನಿ ಎಂಬ ಇನ್ನೊಂದು ಚಿತ್ರ ಸೇವೆಯಲ್ಲಿ ‘--no’ ಸೂಚನೆ ಇದೆ.

ಚಿತ್ರ ಮುಕ್ಕಾಲು ಪಾಲು ಸರಿ ಬಂದರೆ ಹೊಸದಾಗಿ ಮಾಡಿಸಬೇಡಿ. ಕೆಟ್ಟ ಬೆರಳಿನ ಜಾಗವನ್ನಷ್ಟೇ ಗುರುತು ಮಾಡಿ ತಿದ್ದಿಸಿ. ಪ್ರಾಂಪ್ಟನ್ನೇ ಬದಲಿಸಬೇಕಾದರೆ ಒಂದು ಸಲಕ್ಕೆ ಒಂದೇ ಅಂಶ. ಬೆಳಕು, ಲೆನ್ಸ್, ಸೀರೆ ಮೂರನ್ನೂ ಬದಲಿಸಿದರೆ ಯಾವುದರಿಂದ ಸುಧಾರಿಸಿತೆಂದು ತಿಳಿಯದು.

ಕನ್ನಡ ಅಕ್ಷರಗಳನ್ನು ಎಐಯಿಂದ ಬರೆಸದಿರಿ, ಒತ್ತಕ್ಷರ ಕೆಡುವುದೇ ಹೆಚ್ಚು. ಹೆಸರು, ಘೋಷಣೆಗೆ ಮೇಲೆ ಖಾಲಿ ಜಾಗ ಬಿಡಿಸಿಕೊಂಡು ಫ್ಲೆಕ್ಸ್ ಅಂಗಡಿಯಲ್ಲೇ ಟೈಪ್ ಮಾಡಿಸಿ. ಅಳತೆಯನ್ನೂ ನೋಡಿಕೊಳ್ಳಿ: 1,536 ಪಿಕ್ಸೆಲ್ ಅಗಲದ ಚಿತ್ರವನ್ನು ಆರಡಿಗೆ ಎಳೆದರೆ ಇಂಚಿಗೆ ಸಿಗುವುದು 21 ಪಿಕ್ಸೆಲ್, ಓಬವ್ವನ ಕಣ್ಣು ಚೌಕಚೌಕವಾಗುತ್ತದೆ. ಅಪ್‌ಸ್ಕೇಲರ್‌ನಲ್ಲಿ ನಾಲ್ಕು ಪಟ್ಟು ಹಿಗ್ಗಿಸಿದರೆ ಇಂಚಿಗೆ 85 ಆಗುತ್ತದೆ. ರಸ್ತೆ ಬದಿಯ ಫ್ಲೆಕ್ಸ್‌ಗೆ ಅಷ್ಟು ಸಾಕು.